ಬದ್ರೋದ್ದೀನನ ಜಾಗದಲ್ಲಿ ನಿಂತ ಸುಂದರಬಾಯಿ

ಸುಂದರಬಾಯಿಯ ದನಿ ಗಂಡಸರ ದನಿಯಷ್ಟು ಕೆಳಗಿತ್ತು. ಔರಾದ ಕಡೆಯ ಹಳ್ಳಿಯಲ್ಲಿ ಗಂಡನೊಂದಿಗೆ ಕುರಿ ಮೇಯಿಸಿಕೊಂಡಿದ್ದಳು. ೧೯೪೮ರ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಊರಿಗೆ ನುಗ್ಗಿ, ಗಂಡ ಬಕ್ಕಪ್ಪನನ್ನು ಹಟ್ಟಿಯ ಬಾಯಲ್ಲೇ ಕೊಂದು, ಕುರಿಗಳನ್ನು ಹೊಡೆದುಕೊಂಡು ಹೋದರು. ಅವಳು ಅಳಲಿಲ್ಲ. ಸಂಬಂಧಿಕರು ಬೀದರಿಗೆ ಕರೆತಂದು ಮಿಶನ್ ದವಾಖಾನೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹಚ್ಚಿದರು. ಒಗೆದಳು, ಒಣಗಿಸಿದಳು, ಕೊಟ್ಟದ್ದು ಉಂಡಳು.

ದವಾಖಾನೆಯಲ್ಲಿ ಒಂದು ಹಾಡಿನ ಮೇಳವಿತ್ತು. ನರ್ಸುಗಳು, ಸಾಲೆಯ ಯೇಸಪ್ಪ ಮಾಸ್ತರರು, ಕಂಪೌಂಡರ್ ಬದ್ರೋದ್ದೀನ ಅದರಲ್ಲಿದ್ದರು. ಕಲಿಸುವವಳು ಅಮೆರಿಕದ ಮಿಸ್ಸಮ್ಮ. ಹಕ್ಕಿ, ಹೊಳೆ, ಮಳೆಯ ಹಾಡುಗಳದ್ದೇ ಒಂದು ಕಚೇರಿ ಮಾಡಬೇಕೆಂದು ಅವಳ ಆಸೆ. ಅರ್ಧ ಹಾಡು ನಾಲ್ಕುನೂರು ವರ್ಷದ ಹಿಂದೆ ಯುರೋಪಿನಲ್ಲಿ ಕಟ್ಟಿದವು, ಇನ್ನರ್ಧ ಯೇಸಪ್ಪ ಮಾಸ್ತರರು ಹೊಸದಾಗಿ ಕಟ್ಟಿದವು. ಎಲ್ಲರಿಗಿಂತ ಕೆಳಗಿನ ದನಿ ಬದ್ರೋದ್ದೀನನದು.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು, ನಿಜಾಮನ ಆಳಿಕೆ ಮುಗಿಯಿತು. ಆ ಗಲಭೆಯಲ್ಲಿ ತಾಯಿಯನ್ನು ಕರೆತರಲು ಭಾಲ್ಕಿಗೆ ಹೊರಟ ಬದ್ರೋದ್ದೀನ ತಿರುಗಿ ಬರಲಿಲ್ಲ. ಆ ದಾರಿಯಲ್ಲಿ ಬಂದವರು ಮುಸಲ್ಮಾನರನ್ನು ಕೊಂದು ಹಾಕಿದ ಬಾವಿಗಳ ಸುದ್ದಿ ಹೇಳಿದರು. ಅವನ ಹೆಂಡತಿ ಮಹಬೂಬಬಿ ಹೆಚ್ಚು ಕೇಳಲಿಲ್ಲ.

ಚಳಿಗಾಲದಲ್ಲಿ ಮಿಸ್ಸಮ್ಮ ಒಗೆಯುವ ಕಲ್ಲಿನ ಹತ್ತಿರ ಬಂದಳು.

“ಸುಂದರಬಾಯಿ, ನಮ್ಮ ಕೂಡ ಹಾಡ್ತೀರಾ? ಬದ್ರೋದ್ದೀನನ ಜಾಗಾ ಖಾಲಿ ಅದ.”

“ನನಗ ಓದಾಕ ಬರಲ್ರಿ.”

“ಕೇಳಿ ಹಾಡ್ರಿ.”

“ಹಾಡಂದ್ರ ಹಾಡ್ತೇನ್ರಿ,” ಅಂದಳು, ಇನ್ನೊಂದು ಗಂಟು ಬಟ್ಟೆ ಒಗೆಯಲು ಒಪ್ಪಿದ ಹಾಗೆ.

ಮಾಸ್ತರರು ಹೇಳಿಕೊಟ್ಟದ್ದನ್ನು ಅವಳು ಹಾಗೇ ಹೇಳಿದಳು. ಪರದೇಶದ ಮಾತಿನ ಅರ್ಥ ಕೇಳಲಿಲ್ಲ. ಅವರೇ ಹೇಳಿದರು: “ನಸುಕಿನಾಗ ಹಕ್ಕಿ ಒಂದಕ್ಕೊಂದು ಕರೀತಾವ.” “ಹೂಂರಿ,” ಅಂದಳು.

ಫೆಬ್ರುವರಿಯ ಒಂದು ಸಂಜೆ ಕಚೇರಿ ನಡೆಯಿತು. ಗಂಜ್ ಪೇಟೆಯ ವ್ಯಾಪಾರಿಗಳು ಬಂದರು. ಕಂಬಳಿ ಹೊದ್ದ ರೋಗಿಗಳು ಬಂದು ಕೂತರು. ಮೊದಲು ಹಳೆಯ ಹಾಡುಗಳು. ನರ್ಸುಗಳ ದನಿಗಳು ಒಂದರ ಬಾಲ ಒಂದು ಹಿಡಿದು ಚಿಲಿಪಿಲಿ ಹಾರಿದವು. ಕೆಳಗೆ ಸುಂದರಬಾಯಿಯ ಒಂದೇ ಸ್ವರ ನೆಲದ ಹಾಗೆ ನಿಂತಿತ್ತು. ಆಮೇಲೆ ಮಾಸ್ತರರ ಹೊಸ ಹಾಡು: ಕರಿಮಣ್ಣಿಗೆ ಮಿರಗದ ಮಳೆ ಬೀಳುವುದು, ಕುರಿಗಳು ಮಳೆಗೆ ಬೆನ್ನು ಕೊಟ್ಟು ನಿಲ್ಲುವುದು. ಕೂತವರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಕುರಿಗಳ ಸಾಲನ್ನು ಸುಂದರಬಾಯಿ ತಪ್ಪಿಲ್ಲದೆ ಹಾಡಿದಳು. ಹೊಸ ಸೀರೆಯ ಗಂಜಿ ಕುತ್ತಿಗೆಗೆ ಚುಚ್ಚುತ್ತಿತ್ತು. ಅವಳಿಗೆ ತಿಳಿದದ್ದು ಅದೊಂದೇ.

ಮುಗಿದ ಮೇಲೆ ಬುರ್ಖಾದ ಹೆಂಗಸೊಬ್ಬಳು ಹತ್ತಿರ ಬಂದಳು. ಮಹಬೂಬಬಿ.

“ನಮ್ಮವರ ಜಾಗಾದಾಗ ನೀವು ನಿಂತ್ರಿ.”

“ಹೌದ್ರಿ. ನಿಲ್ಲಂದ್ರು, ನಿಂತೆ.”

“ಅವರೂ ಹಿಂಗ ಹಾಡ್ತಿದ್ರೇನು? ನಾ ಒಮ್ಮಿನೂ ಕೇಳಿದ್ದಿಲ್ಲ. ಮನ್ಯಾಗ ಹಾಡ್ತಿದ್ದಿಲ್ಲ.”

“ನಾ ಅವರಿಗಿ ನೋಡೇ ಇಲ್ರಿ.”

ಮಹಬೂಬಬಿ ಅವಳ ಬರಿ ಹಣೆ ನೋಡಿದಳು.

“ನಿಮ್ಮವರು?”

“ರಜಾಕಾರರು ಹೊಡದ್ರು.”

ಮಹಬೂಬಬಿ ಅಲ್ಲೇ ಬೆಂಚಿನ ಮೇಲೆ ಕೂತಳು. “ನಮ್ಮವರು ಯಾರಿಗೂ ಏನೂ ಮಾಡಿದ್ದಿಲ್ರಿ.”

“ನಮ್ಮವರೂ ಮಾಡಿದ್ದಿಲ್ಲ,” ಅಂದು ಸುಂದರಬಾಯಿಯೂ ಪಕ್ಕದಲ್ಲಿ ಕೂತಳು. ಆಳುಗಳು ಕುರ್ಚಿ ಎತ್ತುವವರೆಗೂ ಇಬ್ಬರೂ ಕೂತಿದ್ದರು. ಯಾರೂ ಅಳಲಿಲ್ಲ.

ಮಹಬೂಬಬಿ ಮುಂದೆ ಹೈದರಾಬಾದಿನ ತಮ್ಮನ ಮನೆಗೆ ಹೋದಳು. ಮರುವರ್ಷ ಸುಂದರಬಾಯಿಯ ಮೈದುನ ಹಾವಗೆಪ್ಪ ಔರಾದಿನಿಂದ ಬಂದ.

“ಊರು ತಣ್ಣಗಾಗೇದ ವೈನಿ. ಹತ್ತು ಕುರಿ ಕಟ್ಟೇನಿ. ನಡೀರಿ ಮನಿಗಿ.”

“ಇಲ್ಲೇ ಇರ್ತೇನಪ್ಪ.”

“ಯಾಕ? ಇಲ್ಲಿ ಏನದ?”

ಅವಳು ಚಾದರ ಹಿಂಡುತ್ತ ಯೋಚಿಸಿದಳು. “ಮಂಗಳವಾರ ಹಾಡು ಕಲಿಸ್ತಾರ.”

“ಹಾಡು ಅಷ್ಟು ಸೇರತದೇನು?”

“ಗೊತ್ತಿಲ್ಲ,” ಅಂದಳು ಸುಂದರಬಾಯಿ. ಅವನಿಗೆ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಅವನು ಉಂಡು ಊರಿಗೆ ಹೋದ.