ಕಾರ್ಕಳಕ್ಕೆ ವರ್ಗಾವಣೆ ಕೋರಿ

ನನ್ನ ಮೊದಲ ಪೋಸ್ಟಿಂಗ್ ಆರ್ಡರನ್ನು ಅಪ್ಪ ಕೆಳಗಿನಿಂದ ಮೇಲಕ್ಕೆ ಓದಿದರು. ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಪೆನ್ಸಿಲ್ ಹಿಡಿದು ಕೂತು, ಆ ಕಾಗದದ ಪ್ರತಿಗಳು ಯಾರ್ಯಾರಿಗೆ ಹೋಗಿವೆ ಎಂಬ ಪಟ್ಟಿಗೆ ಒಂದೊಂದಾಗಿ ಟಿಕ್ ಹಾಕಿದರು. ನಾನು ಇಪ್ಪತ್ತು ದಿನದ ರಜೆ ಮುಗಿಸಿ ಜಮ್ಮುವಿನಲ್ಲಿ ಹಾಜರಾಗಬೇಕು, ಅಲ್ಲಿಂದ ಮುಂದೆ ಕಾಶ್ಮೀರದ ಒಂದು ಪದಾತಿ ಪಡೆ ಸೇರಬೇಕು ಎಂಬ ಸಾಲು ಮೇಲ್ಗಡೆ ಇತ್ತು. ಅದು ಅವರ ಕಣ್ಣಿಗೆ ಬಿದ್ದಂತೆಯೇ ಕಾಣಲಿಲ್ಲ. ಕಾಗದ ಮಡಚಿ, ಇದು ಮೊದಲ ಆದೇಶ ತಾನೇ, ತಲೆಬಿಸಿ ಮಾಡಬೇಡ ಎಂದರು.

ನನಗೆ ತಲೆಬಿಸಿ ಇರಲಿಲ್ಲ. ಅಕಾಡೆಮಿಯಲ್ಲಿ ಒಂದೂವರೆ ವರ್ಷ ಬೆವರು ಸುರಿಸಿ, ಕೇಳಿದ ಪಡೆಯೇ ಸಿಕ್ಕಿದ ಖುಷಿಯಲ್ಲಿದ್ದೆ. ಆದರೆ ಅಪ್ಪ ಕಾರ್ಕಳದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಆ ವರ್ಷವಷ್ಟೇ ನಿವೃತ್ತರಾದವರು. ಕೊನೆಯ ಹದಿನೈದು ವರ್ಷ ವರ್ಗಾವಣೆಯ ಫೈಲುಗಳೆಲ್ಲ ಅವರ ಮೇಜಿನ ಮೇಲೆಯೇ ಹಾದುಹೋದದ್ದು. ಸರಕಾರ ಬರೆದದ್ದನ್ನು ಸರಕಾರವೇ ತಿದ್ದಿ ಬರೆಯುತ್ತದೆ, ಕೇಳುವ ಕ್ರಮದಲ್ಲಿ ಕೇಳಬೇಕು ಅಷ್ಟೆ ಎಂಬುದು ಅವರ ನಂಬಿಕೆ. ಅರ್ಜಿಯಲ್ಲಿ ಮೊದಲ ಆಯ್ಕೆ ಕಾರ್ಕಳ, ಎರಡನೆಯದು ಉಡುಪಿ ಎಂದು ಅವರು ಅಲ್ಲೇ ತೀರ್ಮಾನಿಸಿಬಿಟ್ಟರು.

“ಕಾರ್ಕಳದಲ್ಲಿ ಸೈನ್ಯವೇ ಇಲ್ಲ ಅಪ್ಪ.”

“ಹುದ್ದೆ ಇಲ್ಲದಿದ್ದರೆ ನಿಯೋಜನೆಯ ಮೇಲೆ ಬರಬಹುದು. ಎಷ್ಟೋ ಜನ ಹಾಗೆ ಬಂದದ್ದುಂಟು.”

ಅಲ್ಲಿ ನಾನು ಯಾರಿಂದ ಯಾರನ್ನು ಕಾಯುವುದು ಎಂದು ಕೇಳಿದೆ. ಅದೆಲ್ಲ ಮೇಲಿನವರು ನಿರ್ಧರಿಸುವ ವಿಷಯ ಎಂದರು.

ನಗು ಬಂತು, ಸಿಟ್ಟೂ ಬಂತು. ಪಡೆಯ ಗೇಟು ದಾಟುವ ಮೊದಲೇ ಊರಿಗೆ ವಾಪಸು ಕಳಿಸಿ ಎಂದು ಅರ್ಜಿ ಹಿಡಿದು ನಿಂತ ಲೆಫ್ಟಿನೆಂಟನ ಗತಿ ಏನು? ನನ್ನ ಕೈಕೆಳಗೆ ಬರುವ ಮೂವತ್ತು ಸೈನಿಕರು ಆಮೇಲೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಇದನ್ನು ಬಿಡಿಸಿ ಬಿಡಿಸಿ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, ಲಕೋಟೆಯ ಮೇಲೆ ‘ಗೌಪ್ಯ’ ಎಂದು ಬರೆಯುವ ಎಂದರು. ಹಿತ್ತಲಲ್ಲಿ ಬೂತಾಯಿ ಮೀನು ತೊಳೆಯುತ್ತಿದ್ದ ಅಮ್ಮ ನನ್ನನ್ನು ಕರೆದು, ಅವರು ಕರೆದಲ್ಲಿಗೆಲ್ಲ ಜೊತೆಗೆ ಹೋಗು, ಆರ್ಡರು ಬಂದಂದಿನಿಂದ ಅವರಿಗೆ ಅನ್ನ ಸೇರುತ್ತಿಲ್ಲ ಎಂದಳು. ಮೂರ್ನಾಲ್ಕು ವರ್ಷ ಹಿಂದೆ ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗ ಟೀವಿಯಲ್ಲಿ ಬಾವುಟ ಹೊದೆಸಿದ ಪೆಟ್ಟಿಗೆ ತೋರಿಸಿದ ಕೂಡಲೇ ಅಪ್ಪ ಎದ್ದುಹೋಗಿ ಸ್ವಿಚ್ಚು ಆರಿಸುತ್ತಿದ್ದುದು ನನಗೆ ನೆನಪಿತ್ತು. ಆಯಿತು, ಹೋಗುತ್ತೇನೆ ಎಂದೆ.

ಅಪ್ಪನ ಮೊದಲ ಅಸ್ತ್ರ ಪರಸ್ಪರ ವರ್ಗಾವಣೆ. ಅಲ್ಲಿಗೆ ಹೋಗಲು ಒಪ್ಪುವ ಒಬ್ಬ ಇಲ್ಲಿ ಸಿಕ್ಕಿದರೆ ಅದಲು ಬದಲು ಮಾಡಿ ಮುಗಿಸಬಹುದಂತೆ. ಇಡೀ ಉಡುಪಿಯಲ್ಲಿ ಹುಡುಕಿ ಅವರು ಕಂಡುಹಿಡಿದ ಏಕೈಕ ಸಮವಸ್ತ್ರಧಾರಿ, ಕಾಲೇಜು ಹುಡುಗರಿಗೆ ಕವಾಯತು ಕಲಿಸಲು ಸೈನ್ಯದಿಂದ ಬಂದಿದ್ದ ಒಬ್ಬ ಹವಾಲ್ದಾರ. ಗದಗದ ಕಡೆಯವನು, ನಿವೃತ್ತಿಗೆ ಎರಡೇ ವರ್ಷ ಬಾಕಿ. ನಾನು ಯಾರೆಂದು ಗೊತ್ತಾದದ್ದೇ ತಡ, ತಿನ್ನುತ್ತಿದ್ದ ಬನ್ಸ್ ತಟ್ಟೆಯಲ್ಲಿ ಬಿಟ್ಟು ಹೋಟೆಲಿನ ನಡುವೆಯೇ ಎದ್ದು ಸೆಟೆದು ನಿಂತು ಸೆಲ್ಯೂಟ್ ಹೊಡೆದ. ಅವನು ಹಾಗೆ ನಿಂತಿರುವಾಗಲೇ ಅಪ್ಪ ವಿಷಯ ಎತ್ತಿದರು.

“ಯಜಮಾನ್ರ, ನಾ ಹವಾಲ್ದಾರ ಅದೀನ್ರಿ,” ಎಂದ ಅವನು, ನನ್ನ ಕಡೆ ಕಣ್ಣೆತ್ತದೆ. “ಸಾಹೇಬ್ರ ಜಾಗಾದಾಗ ನಾ ಕುಂದ್ರಾಕ ಬರಂಗಿಲ್ರಿ.”

ಅಪ್ಪ ಡೈರಿ ತೆಗೆದು ‘ವೇತನ ಶ್ರೇಣಿ ಬೇರೆ’ ಎಂದು ಬರೆದುಕೊಂಡರು. ಅವಮಾನದಿಂದ ನನ್ನ ಕಿವಿ ಬಿಸಿಯಾಗಿತ್ತು. ಹವಾಲ್ದಾರ ನಮ್ಮ ಕಾಫಿಯ ಬಿಲ್ಲನ್ನೂ ತಾನೇ ಕೊಟ್ಟು ಹೋದ.

ಎರಡನೆಯದು ವೈದ್ಯಕೀಯ ಕಾರಣ. ಮಣಿಪಾಲದ ಒಬ್ಬ ವೈದ್ಯರ ಖಾಸಗಿ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು, ಕೆಮ್ಮುವವರ ಸಾಲಿನಲ್ಲಿ ಎರಡು ತಾಸು ಕೂತೆವು. ಹೆಗಲ ಮೇಲೆ ಇಪ್ಪತ್ತು ಕಿಲೋ ಹೊತ್ತು ಬೆಟ್ಟ ಹತ್ತಿ ಓಡಿ ಬಂದವನು ನಾನು. ಇವನ ಮೈಗೆ ಚಳಿ ಒಗ್ಗುವುದಿಲ್ಲ ಎಂದು ಒಂದು ಸರ್ಟಿಫಿಕೇಟು ಬೇಕು, ಚಿಕ್ಕಂದಿನಲ್ಲಿ ಮಳೆಗಾಲ ಬಂದರೆ ಇವನಿಗೆ ಶೀತ ಬಿಡುತ್ತಿರಲಿಲ್ಲ ಎಂದು ಅಪ್ಪ ವೈದ್ಯರಿಗೆ ವಿವರಿಸಿದರು. ಮಳೆಗಾಲದಲ್ಲಿ ಶೀತ ಆಗದವರನ್ನು ನಾನು ಈ ಊರಿನಲ್ಲಿ ಇನ್ನೂ ನೋಡಿಲ್ಲ ಎಂದರು ವೈದ್ಯರು. ನನ್ನ ಎದೆಗೆ ಸ್ಟೆತೊಸ್ಕೋಪು ಇಟ್ಟು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೇಳಿದರು. ಇಡೀ ದಿನದಲ್ಲಿ ಆರೋಗ್ಯವಂತನೊಬ್ಬ ಸಿಕ್ಕಿದ ಸಮಾಧಾನ ಅವರಿಗೆ. ಕೊನೆಗೆ ಅಪ್ಪನ ರಕ್ತದೊತ್ತಡ ನೋಡಿ, ಉಪ್ಪಿನಕಾಯಿ ಬಿಡಿ ಎಂದು ಅವರಿಗೇ ಚೀಟಿ ಬರೆದು ಕೊಟ್ಟರು.

ಅಪ್ಪ ಜಗ್ಗಲಿಲ್ಲ. ರಜೆ ಮುಗಿಯಲು ನಾಲ್ಕು ದಿನ ಇರುವಾಗ ಕಾರ್ಕಳದ ಬಸ್ಸು ಹತ್ತಿಸಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಟೈಪಿಂಗ್ ಕ್ಲಾಸು ನಡೆಸುವ ಹೆಂಗಸೊಬ್ಬರಿದ್ದರು. ಅಪ್ಪ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದರು. ಅಪ್ಪನ ಕಚೇರಿಗೆ ಬರುತ್ತಿದ್ದ ವರ್ಗಾವಣೆ ಅರ್ಜಿಗಳಲ್ಲಿ ಹೆಚ್ಚಿನವು ಅವರ ಯಂತ್ರದಲ್ಲೇ ಹುಟ್ಟುತ್ತಿದ್ದವು. ಒಂದೇ ಅರ್ಜಿಗೆ ಬಾಯಮ್ಮ ಆ ತುದಿ, ಅಪ್ಪ ಈ ತುದಿ. ಬಾಯಮ್ಮ ಕಾಗದ, ಕಾರ್ಬನ್ನು ಸಿಕ್ಕಿಸಿ, ಅಪ್ಪ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಸರಸರನೆ ಬಡಿಯುತ್ತ ಹೋದರು. ಕಾರಣದ ಜಾಗಕ್ಕೆ ಬಂದಾಗ ಬೆರಳು ನಿಂತಿತು.

ಪತ್ನಿ ಇಲ್ಲೇ ನೌಕರಿಯಲ್ಲಿದ್ದಾರಾ ಎಂದು ಕೇಳಿದರು. ನನಗೆ ಪತ್ನಿಯೇ ಇರಲಿಲ್ಲ. ಹಾಸಿಗೆ ಹಿಡಿದ ತಂದೆ ತಾಯಿ? ತಂದೆ ಎದುರಿಗೇ ಕೂತು ಗೋಳಿಬಜೆ ತಿನ್ನುತ್ತಿದ್ದರು. ಅಂಗವೈಕಲ್ಯ? ಬಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ತಾವೇ ಇಲ್ಲವೆಂದು ತಲೆಯಾಡಿಸಿದರು. ಒಟ್ಟು ಹನ್ನೊಂದು ಕಾರಣಗಳು ಆ ಇಬ್ಬರಿಗೂ ಬಾಯಿಪಾಠ. ಒಂದೂ ನನಗೆ ಹೊಂದಲಿಲ್ಲ.

ಅಪ್ಪ ಗೋಳಿಬಜೆ ಕೆಳಗಿಟ್ಟರು. ಕಿಟಕಿಯ ಕಡೆ ನೋಡುತ್ತ ಹೇಳಿದರು: “ತಂದೆಗೆ ಹೆದರಿಕೆ ಆಗ್ತದೆ ಅಂತ ಹಾಕಿ, ಬಾಯಮ್ಮ.”

“ಹಾಗೆ ಯಾವ ಅರ್ಜಿಯಲ್ಲೂ ಹಾಕಿದ್ದಿಲ್ಲ ಅಲ್ವಾ, ಸರ್?”

“ಇಲ್ಲ. ಇದರಲ್ಲಿ ಹಾಕಿ.”

ಬಾಯಮ್ಮ ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಆ ಸಾಲು ಮುಗಿಸಿದರು. ಇಷ್ಟು ದಿನ ಅಪ್ಪನ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ನೌಕರನ ಸಹಿ ಬೇಕು ಎಂದರು, ಹಾಕಿದೆ. ಮೇಲಧಿಕಾರಿಯ ಮೂಲಕವೇ ಹೋಗಬೇಕು, ನೇರ ಕಳಿಸಿದರೆ ಕಸದ ಬುಟ್ಟಿಗೆ ಹಾಕುತ್ತಾರೆ ಎಂದು ಅಪ್ಪ ಅದನ್ನು ನನ್ನ ಕೈಗೇ ಕೊಟ್ಟರು. ಕ್ರಮ ಎಂದರೆ ಕ್ರಮ. ಸೇರಿದ ದಿನವೇ ಕೊಡುತ್ತೇನೆ ಎಂದೆ.

ಕೊಡಲಿಲ್ಲ. ಮನೆಯಲ್ಲಿ ಏನಾದರೂ ತೊಂದರೆ ಉಂಟೇ ಎಂದು ಕಮಾಂಡಿಂಗ್ ಆಫೀಸರು ಮೊದಲ ದಿನವೇ ಕೇಳಿದರು. ಇಲ್ಲ ಸರ್ ಎಂದೆ. ಲಕೋಟೆ ಟ್ರಂಕಿನ ತಳಕ್ಕೆ ಹೋಯಿತು.

ಆಮೇಲೆ ಹದಿನೈದು ದಿನಕ್ಕೊಮ್ಮೆ ಬೆಟ್ಟದ ಮೇಲಿನ ಪೋಸ್ಟಿನಿಂದ ಇಳಿದು ಬಂದು ಮನೆಗೆ ಫೋನ್ ಮಾಡುತ್ತಿದ್ದೆ. ಅರ್ಜಿ ಎಲ್ಲಿಗೆ ಬಂತು ಎಂಬುದೇ ಅಪ್ಪನ ಮೊದಲ ಪ್ರಶ್ನೆ. ಬ್ರಿಗೇಡಿಗೆ ಹೋಗಿದೆ ಎಂದೆ. ಮುಂದಿನ ಸಲ ಡಿವಿಷನ್ನಿಗೆ ಎಂದೆ. ಅಲ್ಲಿ ಯಾರ ಮೇಜಿನಲ್ಲಿ ಉಂಟು, ನಂಬರು ಬಿದ್ದಿದೆಯಾ, ಜ್ಞಾಪನ ಕಳಿಸಿದ್ದೀಯಾ ಎಂದು ಅವರು ಕೇಳಿದಂತೆಲ್ಲ ನಾನು ಇಲ್ಲದ ಮೇಜು, ಇಲ್ಲದ ಗುಮಾಸ್ತ, ಇಲ್ಲದ ನಂಬರು ಹುಟ್ಟಿಸಿ ಹೇಳಿದೆ. ಒಮ್ಮೆ ಒಬ್ಬ ಗುಮಾಸ್ತನಿಗೆ ಹೆರಿಗೆ ರಜೆ ಕೊಟ್ಟುಬಿಟ್ಟೆ. ಅದನ್ನೂ ಅಪ್ಪ ತಡೆಯದೆ ಕೇಳಿಸಿಕೊಂಡರು.

ಎಂಟು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆ ವಾರ ನಮ್ಮ ಪಡೆಯಲ್ಲಿ ಒಬ್ಬ ತೀರಿಕೊಂಡಿದ್ದ. ಅದನ್ನು ಹೇಳಲಿಲ್ಲ. ಅಪ್ಪ, ಆ ಅರ್ಜಿ ನಾನು ಕೊಡಲೇ ಇಲ್ಲ ಎಂದೆ.

“ಗೊತ್ತುಂಟು,” ಎಂದರು ಅಪ್ಪ. “ನಾನು ಆ ಮೇಜಿನಲ್ಲಿ ಕೂತವನಲ್ವಾ. ಮೊದಲ ಸಲವೇ ಗೊತ್ತಾಗಿತ್ತು.”

“ಮತ್ತೆ ಪ್ರತಿ ಸಲ ಕೇಳುವುದು ಎಂತಕ್ಕೆ?”

“ಮತ್ತೆ ಎಂತ ಕೇಳುವುದು ಮಾರಾಯ? ಬದುಕಿದ್ದೀಯಾ ಅಂತ ಕೇಳುವುದಾ?”

ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು, ಈಗ ಯಾರ ಮೇಜಿನಲ್ಲಿ ಉಂಟು ಎಂದು ಕೇಳಿದರು. ಡಿವಿಷನ್ನಿನಿಂದ ಮೇಲೆ ಹೋಗಿದೆ, ಅಲ್ಲಿ ಇನ್ನೂ ನಂಬರು ಬಿದ್ದಿಲ್ಲ ಎಂದೆ.