ಹೌನ್ಸ್ಲೋದಲ್ಲಿ ಶಿಂದೋ ಎರಡು

ಕುಸುಮಾ ಕಾಕು ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಿದ್ದರು. ಮನೆಯವರ ಮುಖ ಆಮೇಲೆ. ಗೋಡೆ ಗಡಿಯಾರ, ಪುಸ್ತಕದ ಕಪಾಟು, ಫ್ರಿಡ್ಜಿನ ಮೇಲಿಟ್ಟ ಇಡ್ಲಿ ಪಾತ್ರೆ, ದೊಡ್ಡ ಚೌಕಟ್ಟಿನ ಮದುವೆ ಫೋಟೋ, ಇವುಗಳಲ್ಲಿ ಯಾವುದು ಯಾರ ತಲೆಯ ಮೇಲೆ ಬೀಳಬಹುದು ಎಂದು ಲೆಕ್ಕ ಹಾಕಿ, ಏನೂ ಬೀಳದ ಜಾಗ ಹುಡುಕಿ ಅಲ್ಲಿ ಕೂತು, "ಹೂಂ, ಈಗ ಹೇಳ್ರಿ, ಎಲ್ಲಾರೂ ಆರಾಮ?" ಎನ್ನುತ್ತಿದ್ದರು. ಆ ಜಾಗ ಒಮ್ಮೊಮ್ಮೆ ಬಾತ್‌ರೂಮಿನ ಬಾಗಿಲ ಮುಂದೆ ಇರುತ್ತಿತ್ತು. ಅಲ್ಲೇ ಕುರ್ಚಿ ಹಾಕಿಸಿಕೊಳ್ಳುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದಾಗ ಅವರ ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು. ಇಲ್ಲ, ಬಿಳಿ ಇರಬೇಕು. ಹಳದಿ ಎಂದರೆ ಚೆನ್ನಾಗಿ ಕಾಣುತ್ತದೆಂದು ನನ್ನ ನೆನಪೇ ಅದಕ್ಕೆ ಬಣ್ಣ ಬಳಿದಿದೆ. ಹಿಂದೊಮ್ಮೆ ಆಫೀಸಿನಲ್ಲಿ ಕೆಂಪು ಎಂದೂ ಹೇಳಿದ್ದೆ. ಹೆಲ್ಮೆಟ್ ಇದ್ದದ್ದಂತೂ ನಿಜ. ಬೆಂಗಳೂರಿನಿಂದ ಲಂಡನ್ನಿನ ಹೌನ್ಸ್ಲೋಗೆ ಬಂದು ಮೊದಲ ಮಹಡಿಯ ಫ್ಲ್ಯಾಟಿನಲ್ಲಿ ಸಾಮಾನು ಬಿಚ್ಚಿ ವಾರವಾಗಿತ್ತು. ಶನಿವಾರ ಮಧ್ಯಾಹ್ನ, ಒಲೆಯ ಮೇಲೆ ಸಾರು. ವಾಷಿಂಗ್ ಮಷೀನು ಬಟ್ಟೆ ಹಿಂಡುವ ಕೊನೆಯ ಸುತ್ತಿಗೆ ಬಂದು ಅಡುಗೆಮನೆಯ ನೆಲವನ್ನೇ ನಡುಗಿಸುತ್ತಿತ್ತು. ಯಾರೋ ಬಾಗಿಲು ಬಡಿದರು. ತೆರೆದರೆ ಅರವತ್ತು ದಾಟಿದ ಹೆಂಗಸು: ಹೆಲ್ಮೆಟ್, ದಪ್ಪ ಕನ್ನಡಕ, ಕೊರಳಿಗೆ ದಾರದಲ್ಲಿ ನೇತುಹಾಕಿದ ಟಾರ್ಚು ಮತ್ತು ಸೀಟಿ.

ನಾನು ಗಾಬರಿಯಲ್ಲಿ "ಅಯ್ಯೋ ದೇವ್ರೇ" ಎಂದೆ. ಅವರ ಮುಖ ಅರಳಿತು.

"ಕನ್ನಡದಾಕೀ ಏನವಾ? ಛಲೋ ಆತು. ಮೊದ್ಲ ಗ್ಯಾಸ್ ಬಂದ್ ಮಾಡು. ಬಾಗಲಾ ಹಂಗ ತಗದಿಡು, ಸಿಕ್ಕೊಂಡ್ರ ಹೊರಗ ಬರ್ಲಿಕ್ಕಾಗೂದಿಲ್ಲ."

"ಯಾಕೆ ಆಂಟಿ, ಏನಾಯ್ತು?"

"ಆಂಟಿ ಅನಬ್ಯಾಡ, ಕಾಕು ಅನ್ನು. ಭೂಕಂಪ ಆಗ್ಲಿಕ್ಹತ್ತದ. ಶಿಂದೋ ಎರಡು. ಕೆಳಗ ನನ್ನ ತಂಬಿಗಿ ತೂಗಾಡ್ಲಿಕ್ಹತ್ತದ."

"ಅದು ನನ್ನ ವಾಷಿಂಗ್ ಮಷೀನು, ಕಾಕು."

ಅವರು ಒಳಗೆ ಬಂದು, ನಾಡಿ ಹಿಡಿದು ನೋಡುವವರ ಹಾಗೆ ಮಷೀನಿನ ಮೇಲೆ ಕೈಯಿಟ್ಟರು. ಅದು ಎರಡು ಸಲ ಗುಟುರು ಹಾಕಿ ನಿಂತಿತು. ಅವರ ಮುಖ ಸಣ್ಣದಾಯಿತು. "ಹೌದಲ್ಲ," ಎಂದರು. ಆಮೇಲೆ, ಸೋಲೊಪ್ಪದ ದನಿಯಲ್ಲಿ, "ಆದ್ರೂ ಎರಡಂದ್ರ ಎರಡ," ಎಂದು ನನ್ನ ಒಲೆಯನ್ನು ತಾವೇ ಆರಿಸಿ ಇಳಿದು ಹೋದರು. ಸಾರು ಅರ್ಧ ಕುದಿದು ನಿಂತಿತ್ತು.

ಕಾಕು ಧಾರವಾಡದವರು. ಗಂಡ ಹಡಗು ಕಟ್ಟುವ ಎಂಜಿನಿಯರು. ಮದುವೆಯಾದ ವರ್ಷವೇ ಜಪಾನಿನ ಕಡಲತೀರದ ಒಂದು ಊರಿಗೆ ಹೋದವರು ಅರ್ಧ ಆಯುಷ್ಯ ಅಲ್ಲೇ ಕಳೆದರು. ಗಂಡ ತೀರಿಕೊಂಡ ಮೇಲೆ ಮಗಳು ಮೇಧಾ ಲಂಡನ್ನಿಗೆ ಕರೆಸಿಕೊಂಡಳು. ಅವಳ ಫ್ಲ್ಯಾಟು ಇದ್ದದ್ದು ಸ್ಟ್ರಾಟ್‌ಫರ್ಡಿನಲ್ಲಿ, ಮೂವತ್ತೊಂದನೇ ಮಹಡಿಯಲ್ಲಿ. ಕಾಕು ಕೆಳಗೆ ನಿಂತು ಕತ್ತೆತ್ತಿ ಕಟ್ಟಡ ನೋಡಿ, ಸೂಟ್‌ಕೇಸು ಒಳಗೂ ತರದೆ, ಹೌನ್ಸ್ಲೋದಲ್ಲಿ ನೆಲಮಹಡಿ ಹಿಡಿದರು. ನೆಲಕ್ಕೆ ಹತ್ತಿರವಿದ್ದರೆ ಸುದ್ದಿ ಬೇಗ ಗೊತ್ತಾಗುತ್ತದೆ ಎಂಬುದು ಅವರ ವಾದ.

ಶಿಂದೋ ಎಂದರೇನೆಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. "ಮ್ಯಾಗ್ನಿಟ್ಯೂಡ್ ಅಂದ್ರ ಭೂಮಿ ಲೆಕ್ಕ. ಕೆಳಗ ಎಷ್ಟು ದೊಡ್ಡದಾತು ಅಂತ. ಶಿಂದೋ ನಿನ್ನ ಮನಿ ಲೆಕ್ಕ. ಅದ ಭೂಕಂಪ ನಿನಗ ನಾಕು, ಆಚಿ ಊರಾಗ ಒಂದು. ಸೊನ್ನಿಯಿಂದ ಏಳರ ತನಕ. ಐದರಾಗ ಮತ್ತ ಆರರಾಗ ಮೆತ್ತಂದು ಒಂದು, ಗಟ್ಟಿದು ಒಂದು." ಈ ಜಪಾನಿ ಅಳತೆಗೋಲನ್ನು ಅವರು ಲಂಡನ್ನಿನಲ್ಲಿ ಸುಮ್ಮನೆ ಇಟ್ಟಿರಲಿಲ್ಲ. ನಮ್ಮ ತಾರಸಿಗೆ ಹೊಟ್ಟೆ ಉಜ್ಜಿಕೊಂಡು ಇಳಿಯುವ ವಿಮಾನಕ್ಕೆ ಶಿಂದೋ ಒಂದು. ಮಧ್ಯಾಹ್ನ ಮೂರಕ್ಕೆ ವಿಮಾನಗಳು ಆಚೆಯ ರನ್‌ವೇಗೆ ಇಳಿಯತೊಡಗಿದ ಮೇಲೆ ಸೊನ್ನೆ. ಕೌನ್ಸಿಲ್ಲಿನ ಕಾಗದ ಎರಡು. ಮದುವೆಯ ವಿಷಯವಾಗಿ ನನ್ನ ಅಮ್ಮ ಮಾಡುವ ಫೋನು ನಾಲ್ಕು. ತಮ್ಮ ಅತ್ತೆಯವರು? "ಐದು," ಎಂದು ಸ್ವಲ್ಪ ತಡೆದು, "ಗಟ್ಟಿದು."

ಅವರ ಮನೆಯಲ್ಲಿ ಅಲುಗುವಂಥದ್ದು ಒಂದೇ ಇತ್ತು, ಆ ತಂಬಿಗೆ. ಸೂರಿನ ಕೊಕ್ಕೆಗೆ ದಾರ ಕಟ್ಟಿ ಇಳಿಬಿಟ್ಟ, ಹಿಡಿ ಮರಳು ತುಂಬಿದ ತಾಮ್ರದ ತಂಬಿಗೆ. ಉಳಿದದ್ದೆಲ್ಲ ಗೋಡೆಗೆ ಬಿಗಿದದ್ದು. ಕಪಾಟಿಗೆ ಕಬ್ಬಿಣದ ಪಟ್ಟಿ, ಕುಕ್ಕರಿಗೆ ಬಲೆ, ಗಣಪತಿಯ ಬುಡಕ್ಕೆ ಜಪಾನಿನ ಅಂಟು. ಹಾಸಿಗೆಯ ಪಕ್ಕ ಗಟ್ಟಿ ತಳದ ಚಪ್ಪಲಿ, ಒಡೆದ ಗಾಜಿನ ಮೇಲೆ ನಡೆಯಲು. ಬಾತ್‌ಟಬ್ಬಿನಲ್ಲಿ ಸದಾ ನೀರು. ಸೆಪ್ಟೆಂಬರ್ ಒಂದು ಅವರಿಗೆ ಹಬ್ಬ: ಅಂದು ಜಪಾನಿಗೆ ಜಪಾನೇ ಭೂಕಂಪದ ಡ್ರಿಲ್ ಮಾಡುತ್ತದಂತೆ. ನಾವಿಬ್ಬರೂ ಮೇಜಿನ ಕೆಳಗೆ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದೆವು. ಅಲ್ಲೇ ಅವರ ಚರಿತ್ರೆಯ ಪಾಠ. ನೆಲದಡಿ ಮಲಗಿದ ದೊಡ್ಡ ಮೀನೊಂದು ಮಗ್ಗುಲಾದರೆ ದೇಶ ನಡುಗುತ್ತದೆಂದು ಹಿಂದಿನವರು ನಂಬಿದ್ದರು. ಕಡಲ ಅಲೆ ಬಂದು ಊರು ಕೊಚ್ಚಿದ ಮೇಲೆ, ಉಳಿದವರು ಗುಡ್ಡದ ಮೇಲೆ ಕಲ್ಲು ನೆಟ್ಟು, ಇದರಿಂದ ಕೆಳಗೆ ಮನೆ ಕಟ್ಟಬೇಡಿ ಎಂದು ಕೆತ್ತಿದರು. ನೂರು ವರ್ಷದ ಹಿಂದೆ ಟೋಕಿಯೋ ಅಲುಗಿದ್ದು ಸರಿಯಾಗಿ ಊಟದ ಹೊತ್ತಿಗೆ, ಮನೆಮನೆಯಲ್ಲೂ ಒಲೆ ಉರಿಯುತ್ತಿದ್ದಾಗ.

"ನೆಲ ಕೊಂದದ್ದಕ್ಕಿಂತ ಬೆಂಕಿ ಕೊಂದದ್ದು ಭಾಳ. ಅದಕ್ಕ ಅವತ್ತು ನಿನ್ನ ಸಾರು ಆರಿಸಿದ್ದು. ಸಿಟ್ಟು ಮಾಡ್ಕೊಂಡೀಯೇನ?"

"ಇಲ್ಲ ಕಾಕು. ಕಾಲು ಜೋಮು ಹಿಡಿದಿದೆ."

"ಹಿಡೀಲಿ. ಕಾಲು ಇದ್ದವರಿಗೇ ಹಿಡೀತದ."

ಇಷ್ಟು ಹೊತ್ತೂ ನಗುತ್ತಲೇ ಇದ್ದೆವು. ಕೆಟ್ಟದ್ದು ನವರಾತ್ರಿಯಲ್ಲಿ.

ಪಿನ್ನರಿನಲ್ಲಿ ಡಾಕ್ಟರ್ ನಾಗರತ್ನ ಅಂತ ಮೈಸೂರಿನವರು. ಅವರದು ಒಂಬತ್ತು ಮೆಟ್ಟಿಲಿನ ಗೊಂಬೆ. ಮೇಲೆ ಅಜ್ಜಿಯ ಕಾಲದ ಪಟ್ಟದ ರಾಜ-ರಾಣಿಯಿಂದ ಹಿಡಿದು ಕೆಳಗೆ ಕ್ರಿಕೆಟ್ ತಂಡದವರೆಗೆ. ಕೂರಿಸಲು ನಾನೂ ಕಾಕುವೂ ಹೋಗಿದ್ದೆವು. ನಾವೆಲ್ಲ ಅಡುಗೆಮನೆಯಲ್ಲಿ ಕೋಸಂಬರಿ ತಿನ್ನುವಾಗ ಕಾಕು ಮಾತ್ರ ಗೊಂಬೆಗಳ ಮುಂದೆ ಭಕ್ತಿಯಿಂದ ಕೂತಿದ್ದರು. ಭಕ್ತಿಯೆಂದೇ ನಾವು ತಿಳಿದದ್ದು. ವಿಜಯದಶಮಿಯ ಸಂಜೆ ಆರತಿಯಾಗಿ, ಸಂಪ್ರದಾಯದಂತೆ ಒಂದಾದರೂ ಗೊಂಬೆಯನ್ನು ಮಲಗಿಸಬೇಕೆಂದು ಡಾಕ್ಟರು ರಾಜನಿಗೆ ಕೈ ಹಾಕಿದರು. ರಾಜ ಬರಲಿಲ್ಲ. ರಾಣಿಗೆ ಹಾಕಿದರು. ರಾಣಿಯೂ ಇಲ್ಲ.

"ಇದೇನ್ರೀ ಇದು, ರಾಜ ಮಲಗ್ತಾನೇ ಇಲ್ವಲ್ಲ!" ಎಂದು ಎರಡೂ ಕೈಯಲ್ಲಿ ಜಗ್ಗಿದರು. ರಾಜನ ಜೊತೆ ಮೆಟ್ಟಿಲೇ ಎದ್ದು ಬಂತು. ಒಂಬತ್ತೂ ಮೆಟ್ಟಿಲು ಮುಂದಕ್ಕೆ ವಾಲಿದವು, ಐದಾರು ಜನ ಹಿಡಿದು ನಿಲ್ಲಿಸಿದೆವು. ಅಷ್ಟಾದರೂ ದಶಾವತಾರ, ಶೆಟ್ಟಿ ದಂಪತಿ, ವಿಕೆಟ್ ಕೀಪರ್, ಯಾರೂ ಕದಲಲಿಲ್ಲ.

ಕಾಕು ಬಾತ್‌ರೂಮಿನ ಮುಂದಿನ ಕುರ್ಚಿಯಿಂದ ಎದ್ದು ನಿಂತರು. "ನೋಡಿದ್ರೇನು? ಒಂದರ ಬಿತ್ತೇನು? ಏಳು ಬಂದ್ರೂ ಬೀಳೂದಿಲ್ಲ!"

"ಕುಸುಮಾ ಅವ್ರೇ, ಇದು ಹಬ್ಬ ಕಣ್ರೀ, ಭೂಕಂಪ ಅಲ್ಲ!"

"ಅದು ಹೇಳಿ ಬರ್ತದೇನ್ರೀ ಡಾಕ್ಟರ, ಹಬ್ಬ ಮುಗೀಲಿ ಅಂತ?"

ಕೊನೆಗೆ ರಾಜನನ್ನು ಮೆಟ್ಟಿಲು ಸಮೇತ ಕಾರ್ಪೆಟ್ಟಿನ ಮೇಲೆ ಅಡ್ಡ ಮಲಗಿಸಬೇಕಾಯಿತು. ರಾಣಿ, ಮಂತ್ರಿ, ಅಂಬಾರಿ ಹೊತ್ತ ಆನೆ ಎಲ್ಲರೂ ಅವನ ಜೊತೆ ಒಟ್ಟಿಗೇ ಮಲಗಿದರು. ಆಗ ಕಾಕು ಸಮಾಧಾನವಾಗಿ, "ಜಪಾನಿನ ಅಂಟು ಅದು. ಎಳೀಬಾರ್ದು, ಮೆಲ್ಲಕ ತಿರುವಬೇಕು. ಯಾರರ ಕೇಳಿದ್ರ ಹೇಳ್ತಿದ್ದೆ," ಎಂದರು. ಅವರು ಹೀಗೆ ಅಂದದ್ದು ಅಂದೋ ಮರುದಿನ ಫೋನಿನಲ್ಲೋ, ನನಗೆ ಖಾತ್ರಿಯಿಲ್ಲ. ಅಂದೇ ಎಂದರೆ ಡಾಕ್ಟರ ಸಿಟ್ಟು ಇನ್ನೂ ಸರಿಯಾಗಿ ಅರ್ಥವಾಗುತ್ತದೆ.

ಡಾಕ್ಟರು ಮೇಧಾಗೆ ಫೋನ್ ಮಾಡಿ, ಅಮ್ಮನ ತಲೆ ಒಮ್ಮೆ ತೋರಿಸಿ ಎಂದರು. ಮೇಧಾ ಬಂದು ನನ್ನ ಮೆಟ್ಟಿಲ ಮೇಲೆ ಕೂತಳು.

"ಅವ್ವ ಓಕೆ ಇಲ್ಲ, ಯು ನೋ. ನೀನು ಕೂಡ ಅಂಡರ್ ದ ಟೇಬಲ್ ಕೂತೀಯಂತ. ಡೋಂಟ್ ಎನ್‌ಕರೇಜ್ ಹರ್, ಪ್ಲೀಸ್."

ಮೇಜಿನ ಕೆಳಗೆ ಅವಲಕ್ಕಿ ಚೆನ್ನಾಗಿರುತ್ತದೆ ಎಂದು ಹೇಳಲು ಧೈರ್ಯ ಬರಲಿಲ್ಲ.

ಜಿಪಿ, ಅಂದರೆ ನಮ್ಮ ಬಡಾವಣೆಯ ವೈದ್ಯರ ಬಳಿಗೆ ಕರೆದುಕೊಂಡು ಹೋದದ್ದು ನಾನೇ. ನೆನಪಿನ ಪರೀಕ್ಷೆ. ಹೇಳಿದ ಪದಗಳನ್ನೆಲ್ಲ ಕಾಕು ತಿರುಗಿ ಹೇಳಿದರು, ಕೇಳಿದ್ದಕ್ಕೆ ಹಿಂದುಮುಂದಾಗಿಯೂ ಹೇಳಿದರು. ಗಡಿಯಾರ ಬರೆಯಿರಿ ಎಂದರೆ ಗಡಿಯಾರ ಬರೆದು, ಅದಕ್ಕೆ ನಾಲ್ಕು ಸ್ಕ್ರೂ ಬರೆದು, ಜಿಪಿಯ ತಲೆಯ ಮೇಲಿದ್ದ ನಿಜವಾದ ಗಡಿಯಾರಕ್ಕೆ ಒಂದೂ ಇಲ್ಲವೆಂದು ಬೆರಳು ತೋರಿಸಿದರು. ಜಿಪಿ ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಅದೇ ಪರೀಕ್ಷೆಯಲ್ಲಿ ನಾನು ಮನಸ್ಸಿನಲ್ಲೇ ಎರಡು ಪದ ಮರೆತಿದ್ದೆ.

ಮರುಳಲ್ಲ ಎಂದು ತಿಳಿದ ಮೇಲೂ ಮೇಧಾ ಬಿಡಲಿಲ್ಲ. ತಿಂಗಳ ಕೊನೆಗೆ ಈ ಫ್ಲ್ಯಾಟಿನ ಬೀಗದ ಕೈ ವಾಪಸು ಕೊಡುವುದು, ಮೂವತ್ತೊಂದನೇ ಮಹಡಿಗೆ ಬರುವುದು, ಅಷ್ಟೇ. ಕಾಕು ಮೊದಲ ಸಲ ಏನೂ ಅಳೆಯಲಿಲ್ಲ. "ಎರಡ ದಿನ ಇದ್ದು ನೋಡ್ತೀನಿ. ತಂಬಿಗಿ ನನ್ನ ಜೋಡಿ ಬರ್ತದ," ಎಂದರು.

ಆ ಶನಿವಾರ ಅವರನ್ನು ಬಿಡಲು ನಾನು ಹೋದೆ. ಪಿಕಡಿಲಿ ಲೈನಿನ ಮೆಟ್ರೋ ರೈಲಿನಲ್ಲಿ ತಂಬಿಗೆ ತೊಡೆಯ ಮೇಲೆ. "ಇದು ಶಿಂದೋ ಮೂರು," ಎಂದು ಡಬ್ಬಿಯ ತುಂಬಾ ಕಣ್ಣಾಡಿಸಿ, "ಎಲ್ಲಾರೂ ಫೋನ್ ನೋಡ್ಕೋತ ಕೂತಾರ, ಅಂಜಿಕೀನ ಇಲ್ಲ!" ಎಂದರು.

"ನಿಮಗೆ ಅಂಜಿಕೆ ಇದೆಯಾ, ಕಾಕು?"

"ಭೂಕಂಪಕ್ಕ? ಇಲ್ಲವಾ. ದೊಡ್ಡದು ಬಂದಾಗ ನಾನು, ನಮ್ಮನಿಯವರು ಇಬ್ಬರೂ ಮೇಜಿನ ಕೆಳಗ. ಅವರು ಒಂದ ಕೈಯಾಗ ನನ್ನ ಕೈ, ಇನ್ನೊಂದರಾಗ ಉಪ್ಪಿನಕಾಯಿ ಭರಣಿ ಹಿಡದು ಕೂತಿದ್ರು. ನನಗ ನಗು ತಡೀಲಿಕ್ಕಾಗಲಿಲ್ಲ." ಮುಂದಿನ ಸ್ಟೇಷನ್ನು ಬಂದು ಹೋಯಿತು. "ಆಮ್ಯಾಲೆ ಒಂದ ದಿನ ಚಹಾ ಕುಡಕೋತ ಕೂತವರು, ಕೂತಂಗ ಹೋಗಿಬಿಟ್ರು. ನಾ ಮ್ಯಾಲ ನೋಡಿದೆ. ತಂಬಿಗಿ ಅಲುಗಿದ್ದೇ ಇಲ್ಲ. ಅದಕ್ಕೊಂದು ಡ್ರಿಲ್ ಇರಲಿಲ್ಲ ನೋಡವಾ." ತಂಬಿಗೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡರು. "ಅಲ್ಲೆ ವಾರಕ್ಕೊಮ್ಮೆರ ನೆಲ ಉಸರಾಡ್ತಿತ್ತು. ಇಲ್ಲೆ ಇಷ್ಟು ಸುಮ್ಮನ ಇರ್ತದ. ಸುಮ್ಮನ ಇದ್ರ ನನಗ ನಿದ್ದಿ ಬರೂದಿಲ್ಲ."

ಮೇಧಾಳ ಕಟ್ಟಡದ ಲಿಫ್ಟಿನಲ್ಲಿ ಹೆಲ್ಮೆಟ್ ಹಾಕಿಕೊಂಡರು. ಸೂಟು ಹಾಕಿದ ಒಬ್ಬ ಗೋಡೆಗೆ ಅಂಟಿ ನಿಂತ. ಮೇಲೆ ಹೋಗಿ ದೀಪದ ಕೊಕ್ಕೆಗೆ ತಂಬಿಗೆ ಕಟ್ಟಿ, ಒಲೆ ನೋಡಿ, ಸೋಫಾದ ಮೇಲೆ ಏನೂ ಬೀಳುವುದಿಲ್ಲವೆಂದು ಖಚಿತವಾದ ಮೇಲೆ ಕೂತರು. ಹೊರಗೆ ಬೆಳಗಿನಿಂದ ಬೀಸುತ್ತಿದ್ದ ಗಾಳಿ ಆಗ ಜೋರಾಯಿತು. ಗೋಡೆಯೊಳಗೆ ಎಲ್ಲೋ ಕಿರ್ ಎಂದಿತು.

ತಂಬಿಗೆ ತೂಗಿತು. ಕಿಟಕಿಯ ಕಡೆಗೊಮ್ಮೆ, ಅಡುಗೆಮನೆಯ ಕಡೆಗೊಮ್ಮೆ, ನಿಧಾನವಾಗಿ.

ಮೇಧಾ ಟೀ ಕಪ್ಪು ಹಿಡಿದವಳು ಅಲ್ಲೇ ನಿಂತಳು. "ಅವ್ವಾ, ಇಸ್ ಇಟ್... ಬಿಲ್ಡಿಂಗ್ ಮೂವ್ ಆಗ್ತಾ ಇದೆಯಾ?"

"ಹೌದಲ್ಲ," ಎಂದರು ಕಾಕು. ಅವರ ಕಣ್ಣು ತಂಬಿಗೆಯ ಜೊತೆ ಅತ್ತಿತ್ತ ಹೋಗುತ್ತಿತ್ತು. "ಅಪ್ಪಟ ಒಂದು."

"ನಾಲ್ಕು ವರ್ಷ ಇಲ್ಲಿದ್ದೀನಿ! ಐ ನೆವರ್..."

"ತಂಬಿಗಿ ಇರಲಿಲ್ಲಲ್ಲ ನಿನ್ನ ಹಂತ್ಯಾಕ."

ಇಷ್ಟು ಹೇಳಿ ಕಾಕು ಸೋಫಾದ ಮೇಲೆ ಅಡ್ಡಾದರು. ನಾನೂ ಮೇಧಾಳೂ ಮಾತಾಡುವಷ್ಟರಲ್ಲಿ ಗೊರಕೆ. ಮಧ್ಯಾಹ್ನ ಮೂರು ಗಂಟೆ, ಮೂರಲ್ಲದಿದ್ದರೆ ನಾಲ್ಕು. ಮೇಧಾ ನೆಲದ ಮೇಲೆ ಕೂತು ಸೋಫಾದ ಕಾಲು ಹಿಡಿದುಕೊಂಡಿದ್ದಳು.

ಸೋಮವಾರ ಕಾಕು ಹೌನ್ಸ್ಲೋಗೆ ಬಂದದ್ದು ಸಾಮಾನು ಕಟ್ಟಲು. ನಾನು ಸಿಟ್ಟಿನಿಂದ, "ಅವಳು ಹೇಳಿದಳು ಅಂತ ಹೋಗ್ಬೇಡಿ. ನೀವು ಪರೀಕ್ಷೆ ಪಾಸಾಗಿದ್ದೀರಿ," ಎಂದೆ.

"ಆಕಿ ಬ್ಯಾಡ ಅಂತಾಳವಾ ಈಗ. ಮನೀನ ಬದಲಿ ಮಾಡ್ತೀನಿ ಅಂತಾಳ. ಗಾಳಿ ಬಿಟ್ರ ಅಂಜ್ತಾಳ, ನಿದ್ದಿಲ್ಲ. ಮೇಜಿನ ಕೆಳಗ ಕೂಡ್ಲಿಕ್ಕೂ ಸರಿಯಾಗಿ ಬರೂದಿಲ್ಲ ಆಕೀಗೆ. ಒಬ್ಬಾಕೀನ ಹೆಂಗ ಬಿಡ್ಲಿ?" ಸ್ಕ್ರೂ ಬಿಚ್ಚುತ್ತಲೇ ಹೇಳಿದರು. "ನನಗರ ಭೇಷ್ ನಿದ್ದಿ ಬಂತು."

ಅವರು ಹೋದ ಮೇಲೆ ಗೋಡೆಯ ತೂತುಗಳನ್ನು ನಾನೇ ಮುಚ್ಚಿಕೊಟ್ಟೆ. ಸೂರಿನ ಕೊಕ್ಕೆಯೊಂದು ಉಳಿಯಿತು. ಅದು ನನ್ನ ಅಡುಗೆಮನೆಯ ನೆಲದಡಿ ಸರಿಯಾಗಿ ಎಲ್ಲಿ ಬರುತ್ತದೆ ಎಂದು ನನಗೆ ಗೊತ್ತು. ಈಗ ಕೆಳಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಒಬ್ಬ ಇದ್ದಾನೆ. ಒಳ್ಳೆಯವನು, ಯಾವುದಕ್ಕೂ ಬಾಗಿಲು ಬಡಿಯುವುದಿಲ್ಲ.

ಶನಿವಾರ ಮಷೀನು ಕೊನೆಯ ಸುತ್ತಿಗೆ ಬರುತ್ತದೆ. ನೆಲ ನಡುಗುತ್ತದೆ. ನಾನು ಒಲೆ ಆರಿಸುತ್ತೇನೆ, ಬಾಗಿಲು ತೆಗೆದು ಮೆಟ್ಟಿಲಿನ ಕಡೆ ನೋಡುತ್ತಾ ನಿಲ್ಲುತ್ತೇನೆ. ಮಷೀನು ಎರಡು ಸಲ ಗುಟುರು ಹಾಕಿ ಸುಮ್ಮನಾಗುತ್ತದೆ. ಒಳಗೆ ಸಾರು ಅರ್ಧ ಕುದಿದು ಕೂತಿರುತ್ತದೆ.