ಗುಲಾಬಿ ನಂಬರ್ ಪ್ಲೇಟು ಮತ್ತು ನನ್ನ ನೆಗೆಣ್ಣಿಯ ಗಂಟು

ನಮ್ಮ ಬನಹಟ್ಟಿಯಲ್ಲಿ ಗಾಡಿಯ ನಂಬರ್ ಓದುವುದು ಸುಲಭದ ಕೆಲಸವಲ್ಲ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಅದಕ್ಕೇ ನನಗೆ ಓದಲು ಬರುತ್ತಿಲ್ಲ ಎಂದುಕೊಂಡಿದ್ದೆ. ಆಮೇಲೆ ಪೊಲೀಸರಿಗೂ ಓದಲು ಬರುವುದಿಲ್ಲ ಎಂದು ತಿಳಿದು ಸಮಾಧಾನವಾಯಿತು. ನಂಬರ್ ಇರಬೇಕಾದಲ್ಲಿ ಮನೆದೇವರ ಹೆಸರಿರುತ್ತದೆ, ತಾಯಿಯ ಆಶೀರ್ವಾದ ಇರುತ್ತದೆ, ಹುಲಿಯ ಮುಖ ಇರುತ್ತದೆ. ಇದೆಲ್ಲ ಮುಗಿದು ಜಾಗ ಉಳಿದರೆ ಮೂಲೆಯಲ್ಲಿ ಇರುವೆ ಸಾಲಿನಂತೆ ನಂಬರ್. ಇಂಥ ಊರಿನಲ್ಲಿ ರೋಗಕ್ಕೂ ಒಂದು ನಂಬರ್ ಪ್ಲೇಟು ಮಾಡಿಸಬೇಕೆಂದು ಒಬ್ಬನಿಗೆ ಹೊಳೆದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೊಳೆದದ್ದು ನಮ್ಮ ಓಣಿಯ ಸಾವಕಾರನಿಗೆ. ಸೀರೆಯ ವ್ಯಾಪಾರಿ, ಓಣಿಯ ಸಂಘಕ್ಕೆ ಅಧ್ಯಕ್ಷ. ಪರದೇಶದಲ್ಲಿ ಬೇರೆ ಬಣ್ಣದ ನಂಬರ್ ಪ್ಲೇಟು ಬೇಕೆಂದವರು ಸರಕಾರಕ್ಕೆ ಹೆಚ್ಚಿನ ರೊಕ್ಕ ಕೊಡುತ್ತಾರಂತೆ, ಆ ರೊಕ್ಕ ಹೆಂಗಸರ ಎದೆಯ ಕ್ಯಾನ್ಸರಿನ ತಪಾಸಣೆಗೆ ಹೋಗುತ್ತದಂತೆ. ಇದನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ನಾವೂ ಗುಲಾಬಿ ಬಣ್ಣದ ಪ್ಲೇಟು ಮಾಡಿಸಿ ಮಾರೋಣ, ಬಂದ ರೊಕ್ಕದಲ್ಲಿ ಬೆಳಗಾವಿಯಿಂದ ತಪಾಸಣೆಯ ವ್ಯಾನ್ ತರಿಸೋಣ ಎಂದ. ಅಲ್ಲಿ ಮಾಡುವುದು ಸರಕಾರ, ಇಲ್ಲಿ ಮಾಡಲು ನೀನ್ಯಾರು ಎಂದು ಸಂಘದಲ್ಲಿ ಒಬ್ಬರೂ ಕೇಳಲಿಲ್ಲ. ಅವತ್ತಿನ ಚಹಾ ಅವನದಾಗಿತ್ತು.

ನಾನೂ ಕೇಳಲಿಲ್ಲ. ನನಗೆ ಆ ವ್ಯಾನ್ ಬೇಕಾಗಿತ್ತು.

ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಪಕ್ಕದ ಮನೆಯಲ್ಲೇ ಇದ್ದಾಳೆ. ಅದಕ್ಕೂ ಸ್ವಲ್ಪ ದಿನ ಮೊದಲು ನನ್ನನ್ನು ಬಚ್ಚಲಮನೆಗೆ ಕರೆದು, ಮಾತಿಲ್ಲದೆ ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲೆ ಇಟ್ಟುಕೊಂಡಿದ್ದಳು. ಚರ್ಮದ ಕೆಳಗೆ ಹುಣಸೆಬೀಜದಂಥದ್ದು ಕೈಗೆ ಹತ್ತಿತು.

“ನೋವೈತೇನು?” ಎಂದೆ.

“ನೋವಿದ್ರ ಇಷ್ಟೊತ್ತಿಗೆ ಓಣಿ ಕೂಡಸ್ತಿದ್ನಿಲ್ಲಕ್ಕಾ?”

“ಗಂಡಗ ಹೇಳಿಯೇನ?”

“ಅವರಿಗೇನಂತ ಹೇಳ್ಲಿ? ನನಗ ಆ ಮಾತ ಬಾಯಾಗ ಬರೂದಿಲ್ಲ.”

“ಹಂಗಾರ ದವಾಖಾನಿಗಿ ನಡಿ, ನಾ ಬರತೇನಿ.”

“ಗಂಡಸ ಡಾಕ್ಟರ ಮುಂದ ಕುಬಸಾ ಬಿಚ್ಚಲೇನ? ಸತ್ತರೂ ಬಿಚ್ಚೂದಿಲ್ಲ.”

“ಬಿಚ್ಚಲಿಲ್ಲಂದ್ರೂ ಸಾಯ್ತಿ” ಎಂದೆ. ಅದಕ್ಕೆ ಸಿಟ್ಟಾಗಿ ನಮ್ಮ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಬರುವ ವ್ಯಾನಿನಲ್ಲಿ ಡಾಕ್ಟರೂ ಹೆಂಗಸು, ನರ್ಸೂ ಹೆಂಗಸು ಎಂಬ ಸುದ್ದಿ ಬಂದ ದಿನ ತಾನಾಗಿ ಬಂದಳು. “ಆ ಗಾಡಿ ನಮ್ಮ ಓಣಿಗೆ ಬಂದ್ರ ಹತ್ತತೇನಕ್ಕಾ. ಬ್ಯಾರೆ ಎಲ್ಲಿಗೂ ಬರೂದಿಲ್ಲ.” ಅಂದಿನಿಂದ ಊರಿನಲ್ಲಿ ಗುಲಾಬಿ ಪ್ಲೇಟಿಗೆ ನನ್ನಷ್ಟು ದೊಡ್ಡ ಭಕ್ತೆ ಇರಲಿಲ್ಲ.

ಪ್ಲೇಟಿನ ಮೇಲೆ ಏನು ಬರೆಸುವುದು ಎಂಬುದಕ್ಕೆ ಸಭೆ ಸೇರಿತು. ಹೆಂಗಸರ ರೋಗದ ಬಗ್ಗೆ ಸಭೆ, ಆದ್ದರಿಂದ ಸೇರಿದ್ದು ಗಂಡಸರು. ನಾನು ವಯಸ್ಸಾದವಳೆಂದು ಬಾಗಿಲ ಬಳಿ ಕೂಡಲು ಬಿಟ್ಟಿದ್ದರು. ಬಹಳ ಹೊತ್ತು ಚರ್ಚೆ ಮಾಡಿ ‘ತಾಯಂದಿರ ಆರೋಗ್ಯ ಕಾಪಾಡಿ’ ಎಂದು ಬರೆಸುವುದೆಂದಾಯಿತು, ಬದಿಗೆ ಒಂದು ಗುಲಾಬಿ ರಿಬ್ಬನ್ನಿನ ಚಿತ್ರ.

“ಯಾ ರೋಗ ಅಂತ ಬರಸೂದಿಲ್ಲೇನ್ರಿ ಸಾವಕಾರ?” ಎಂದೆ.

“ಏ ಆಯಿ, ನಾಕ ಮಂದಿ ನೋಡೂ ಗಾಡಿ ಮ್ಯಾಲ ಅದನ್ನೆಲ್ಲಾ ಬರಸಾಕ ಬರತೈತೇನ್ರಿ?”

“ಕಬ್ಬಿನ ಟ್ರ್ಯಾಕ್ಟರ ಹಿಂದ ಅರಬತ್ತಲಿ ಹೀರೋಯಿನ್ ಚಿತ್ರಾ ಬರಸಾಕ ಬರತೈತಲ್ರಿ.”

“ಅದ ಕಲಾ ಐತ್ರಿ” ಎಂದ ಸಾವಕಾರ. ಉಳಿದವರು ಗೋಣು ಹಾಕಿದರು.

ಪ್ಲೇಟುಗಳಿಗೆ ಸಾಲಾಗಿ ನಂಬರ್ ಹಾಕಿಸಿದ್ದರು. ಒಂದನೇ ನಂಬರಿನದನ್ನು ಮಠದಲ್ಲಿ ತೆಂಗಿನಕಾಯಿ ಸವಾಲು ಮಾಡುವ ಹಾಗೆ ಕೂಗಿ ಹರಾಜು ಮಾಡಿದರು. ಸಾವಕಾರನಿಗೂ ಮುಧೋಳದಿಂದ ಬಂದ ಅವನ ಬೀಗನಿಗೂ ಜಿದ್ದು ಬಿದ್ದು, ರೋಗ ಯಾವುದೆಂಬುದು ಇಬ್ಬರಿಗೂ ಮರೆತು, ಕೊನೆಗೆ ಸಾವಕಾರನೇ ಗೆದ್ದ. ಗೆದ್ದ ಪ್ಲೇಟನ್ನು ಕಾರಿಗೆ ಹಾಕಲಿಲ್ಲ. ಧೂಳು ಕೂಡುತ್ತದಂತೆ. ಅಂಗಡಿಯಲ್ಲಿ ಗಾದಿಯ ಮೇಲ್ಗಡೆ ಮೊಳೆ ಹೊಡೆದು ತೂಗುಹಾಕಿ, ಹೂವು ಏರಿಸಿ, ದಿನಾ ಊದಿನಕಡ್ಡಿ ಬೆಳಗತೊಡಗಿದ.

ನನ್ನ ಮೈದುನನೂ ಒಂದು ಕೊಂಡ. ತನ್ನ ಬೈಕಿನ ಸರಕಾರಿ ಪ್ಲೇಟನ್ನು ಸುತ್ತಿಗೆಯಿಂದ ಬಡಿದು ಕಿತ್ತು, ಆ ಜಾಗಕ್ಕೆ ಗುಲಾಬಿಯದನ್ನು ಜಡಿದು, ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ತೇರದಾಳದವರೆಗೆ ಮೆರೆದು ಬಂದ. ಅವಳು ಗಂಟು ಇಟ್ಟುಕೊಂಡು ಹಿಂದೆ ಕೂತಿದ್ದಳು, ಇವನು ಗಂಟಿನ ಜಾಹೀರಾತು ಹಚ್ಚಿಕೊಂಡು ಮುಂದೆ ಕೂತಿದ್ದ. ಮರುದಿನ ಜಮಖಂಡಿಯಲ್ಲಿ ಪೊಲೀಸರು ಹಿಡಿದು, ಗಾಡಿಯ ನಂಬರ್ ಎಲ್ಲಿ ಎಂದು ಕೇಳಿ ದಂಡ ಹಾಕಿದರು.

“ಧರ್ಮದ ಕೆಲಸಕ್ಕೂ ದಂಡಾ ಹಾಕಿದ್ರಲ್ರಿ ವೈನಿ” ಎಂದು ನನ್ನ ಮುಂದೆ ಕೂತು ಗೋಳಾಡಿದ.

“ಇರ್ಲಿ ಬಿಡಪಾ. ಒಂದ ಪ್ಲೇಟಿನಾಗ ಸಂಘಾನೂ ಉದ್ಧಾರ ಆತು, ಸರಕಾರಾನೂ ಉದ್ಧಾರ ಆತು.”

ಆಮೇಲೆ ಎಲ್ಲರೂ ನಂಬರಿನ ಜಾಗದಿಂದ ಗುಲಾಬಿ ಪ್ಲೇಟು ಬಿಚ್ಚಿದರು. ಆದರೆ ರೊಕ್ಕ ಕೊಟ್ಟ ವಸ್ತುವನ್ನು ಎಸೆಯುವ ಜಾತಿಯೇ ನಮ್ಮದಲ್ಲ. ಒಬ್ಬ ಗಾಡಿಯ ಮುಂದಿನ ಗಾರ್ಡಿಗೆ ಕಟ್ಟಿದ, ಒಬ್ಬ ಮನೆಯ ಬಾಗಿಲಿಗೆ ಹೊಡೆದ, ಒಬ್ಬ ಎಮ್ಮೆಯ ಕೊಟ್ಟಿಗೆಗೆ ಹಚ್ಚಿದ. ಎಮ್ಮೆಯೂ ತಾಯಿಯೇ, ತಪ್ಪೇನಿಲ್ಲ. ಪೊಲೀಸರ ದಂಡದಿಂದ ಹೆಸರಾಗಿ ಪ್ಲೇಟುಗಳು ಇನ್ನಷ್ಟು ಖರ್ಚಾದವು, ವ್ಯಾನಿಗೆ ಬೇಕಾದಷ್ಟು ರೊಕ್ಕ ಕೂಡಿತು. ಇಷ್ಟರೊಳಗೆ ಹುಣಸೆಬೀಜ ಅಡಿಕೆಯಷ್ಟಾಗಿತ್ತು. ಬೇರೆ ಕಡೆ ಹೋಗೋಣವೆಂದು ನಾನು ಮತ್ತೆ ಮತ್ತೆ ಬೈದೆ. ಅವಳು “ಗಾಡಿ ಬರ್ಲಿ” ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಬಂತು. ನಮ್ಮಲ್ಲಿ ಸತ್ಕಾರವಿಲ್ಲದೆ ಯಾವ ಕೆಲಸವೂ ಸುರುವಾಗುವುದಿಲ್ಲ. ವ್ಯಾನನ್ನು ಚೌಕದಲ್ಲಿ ನಿಲ್ಲಿಸಿ ಪೆಂಡಾಲು ಹಾಕಿದ್ದರು, ಅದರ ಹಿಂದೆ ಸಿಹಿಯೂಟದ ಶಿರಾಕ್ಕೆ ಒಲೆ ಹೂಡಿದ್ದರು. ವ್ಯಾನಿನ ಬಾಗಿಲಿಗೆ ಎದುರಾಗಿಯೇ ಕುರ್ಚಿಗಳು, ಕುರ್ಚಿಗಳ ತುಂಬ ಪ್ಲೇಟು ಕೊಂಡ ಗಂಡಸರು. ಡಾಕ್ಟರಮ್ಮನಿಗೆ ಶಾಲು, ನರ್ಸಿಗೆ ಶಾಲು, ಡ್ರೈವರನಿಗೂ ಶಾಲು. ಎಲ್ಲ ಮುಗಿದ ಮೇಲೆ ಸಾವಕಾರ ಮೈಕು ಹಿಡಿದ. ಗದ್ದಲವಾಗಬಾರದೆಂದು ಪ್ಲೇಟಿನ ನಂಬರಿನ ಪ್ರಕಾರ ಒಬ್ಬೊಬ್ಬರ ಹೆಂಡತಿಯನ್ನು ಕರೆಯುತ್ತಾರಂತೆ.

“ಪ್ಲೇಟ್ ನಂಬರ್ ಒಂದರ ಮನಿಯವರು ತಪಾಸಣಾಕ್ಕ ಬರಬೇಕು” ಎಂದು ನಾಲ್ಕು ಓಣಿಗೆ ಕೇಳುವಂತೆ ಕೂಗಿದ. ಅದು ಅವನದೇ ಹೆಂಡತಿ. ರೇಷ್ಮೆ ಸೀರೆ ಉಟ್ಟು ಕೂತಿದ್ದಳು ಪಾಪ. ಕುರ್ಚಿಯಲ್ಲಿದ್ದ ಗಂಡಸರೆಲ್ಲ ಒಮ್ಮೆಲೇ ಹಿಂದಿರುಗಿ ಅವಳನ್ನು ನೋಡಿದರು. ಅವಳು ತಲೆನೋವು ಎಂದು ಹೇಳಿ ಮನೆಗೆ ನಡೆದಳು. ಎರಡನೆಯವಳಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಮೂರನೆಯವಳು ಬಂದೇ ಇರಲಿಲ್ಲ. ನನ್ನ ಮೈದುನನ ನಂಬರ್ ಬಂದಾಗ ಅವನೇ ಎದ್ದು ನಿಂತು ಕೈ ಬೀಸಿ, “ಏ ಇಕಿನ, ನಿನ್ನ ಕರ್ಯಾಕತ್ತಾರ ನೋಡ, ಹೋಗ” ಎಂದು ಒದರಿದ. ನೆಗೆಣ್ಣಿ ಸೆರಗು ಎಳೆದುಕೊಂಡು ಮನೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಹೆಂಗಸರೆಲ್ಲ ಜಾಗ ಖಾಲಿ ಮಾಡಿದರು. ಸಾವಕಾರ ಮೈಕಿನಲ್ಲಿ, ನಮ್ಮ ಹೆಣ್ಣುಮಕ್ಕಳಿಗೆ ಇನ್ನೂ ತಿಳುವಳಿಕೆ ಸಾಲದು ಎಂದು ದುಃಖಪಟ್ಟ.

ನಾನು ಡಾಕ್ಟರಮ್ಮನ ಬಳಿ ಹೋದೆ. “ಬಾಯಾರ, ಗಾಡಿ ಹಿಂದಿನ ಓಣಿಗೆ ತರಸ್ರಿ. ಅಲ್ಲಿ ಕುರ್ಚಿ ಹಾಕಾಕ ಜಾಗಾ ಇಲ್ಲ” ಎಂದೆ. ಅವರು ಜಾಣೆ, ಡ್ರೈವರನಿಗೆ ಕಣ್ಣುಸನ್ನೆ ಮಾಡಿದರು. ಗಂಡಸರನ್ನು ಎಬ್ಬಿಸುವುದು ಉಳಿಯಿತು. ಎದ್ದು ಹೋಗಿ ಎಂದರೆ ನಮ್ಮ ಗಂಡಸರು ಏಳುವುದಿಲ್ಲ. ಅಡಿಗೆಯವನ ಹತ್ತಿರ ಹೋಗಿ, “ಸಾವಕಾರ ಪಂಗತಿ ಹಾಕಂದಾರ” ಎಂದು ಹೇಳಿದೆ. ಶಿರಾದ ವಾಸನೆ ಬಂದದ್ದೇ ತಡ, ಕುರ್ಚಿಗಳು ಬರಿದಾದವು. ಸಾವಕಾರನೂ ಮೈಕು ಇಟ್ಟು ಎದ್ದ.

ಹಿಂದಿನ ಓಣಿ ಇಕ್ಕಟ್ಟಿನದು, ವ್ಯಾನಿನ ಬಾಗಿಲು ಗೋಡೆಗೆ ಮುಖ ಮಾಡಿ ನಿಂತಿತು. ಮೊದಲು ನಾನೇ ಹತ್ತಿ ಇಳಿದೆ. ಮಗ್ಗದ ಮನೆಗಳ ಹಿತ್ತಲ ಬಾಗಿಲು ಒಂದೊಂದೇ ತೆರೆದವು, ಮೈಕಿಗೆ ಬರದವರು ಮೈಕಿಲ್ಲದೆ ಬಂದರು. ನೆಗೆಣ್ಣಿ ಮಾತ್ರ ತನ್ನ ಹಿತ್ತಲಲ್ಲೇ ನಿಂತಿದ್ದಳು.

“ನಿನ್ನ ಗಂಡ ಶಿರಾ ತಿನ್ನಾಕತ್ತಾನ. ಎರಡನೇ ಸಲ ನೀಡಿಸ್ಕೊಳ್ಳೂದರಾಗ ಹೋಗಿ ಬಾ.”

“ನೀನೂ ಒಳಗ ಬರತೀಯೇನಕ್ಕಾ?”

“ನಾ ಬಂದ್ರ ಬಾಗಿಲಾ ಯಾರು ಕಾಯ್ತಾರ? ಹತ್ತ.”

ಹತ್ತಿದಳು. ಉಳಿದವರಿಗಿಂತ ಹೆಚ್ಚು ಹೊತ್ತು ಒಳಗಿದ್ದಳು. ಡಾಕ್ಟರಮ್ಮ ಇಳಿದು ಬಂದು, ಇದೇ ವಾರ ಬೆಳಗಾವಿಗೆ ಕರೆತರಬೇಕು, ಮನೆಯವರಿಗೆ ಹೇಳಿ ಎಂದರು. ಮನೆಯವರು ಕೈ ತೊಳೆಯುತ್ತಿದ್ದರು. ಅಲ್ಲಿಗೇ ಹೋಗಿ ಹೇಳಿದೆ, ನಿನ್ನ ಹೆಂಡತಿಯ ಎದೆಯಲ್ಲಿ ಗಂಟು ಇದೆ, ಕ್ಯಾನ್ಸರ್ ಇದ್ದರೂ ಇರಬಹುದು ಎಂದು.

ಮೈದುನ ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತ.

“ಅದ ಹೆಂಗ ಆಗತೈತ್ರಿ ವೈನಿ? ನಾವು ಪ್ಲೇಟ್ ತಗೊಂಡೇವಲ್ಲ.”

ಅವನು ಪ್ಲೇಟನ್ನು ಮನೆಗೆ ಕಟ್ಟುವ ತಾಯಿತ ಎಂದು ತಿಳಿದುಕೊಂಡಿದ್ದ. ಊರಿನಲ್ಲಿ ಇನ್ನೆಷ್ಟು ಜನ ಹಾಗೇ ತಿಳಿದಿದ್ದರೋ. ರೋಗದ ಹೆಸರು ಬರೆಸದೇ ಇದ್ದರೆ ಮತ್ತೇನು ತಿಳಿಯಬೇಕು?

ಬೆಳಗಾವಿಯಲ್ಲಿ ಅದು ಕ್ಯಾನ್ಸರೇ ಎಂದರು. ಆಪರೇಷನ್ ಮಾಡಿ ಎಡ ಎದೆ ತೆಗೆದರು. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತಂತೆ. ಇಂಜೆಕ್ಷನ್‌ಗಳು ಬಾಕಿ ಇವೆ, ಕೂದಲು ಉದುರುತ್ತದೆ ಎಂದೂ ಹೇಳಿ ಕಳಿಸಿದರು. ಉದುರಲಿ, ತಲೆ ಇದ್ದರೆ ಬೆಳೆಯುತ್ತದೆ.

ಮನೆಗೆ ಕರೆತಂದ ಮೇಲೆ ಓಣಿಯ ಹೆಂಗಸರು ಬ್ರೆಡ್ಡು, ಹಣ್ಣು ಹಿಡಿದು ಮಾತಾಡಿಸಲು ಬಂದರು. ಮೈದುನ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ, “ಹೊಟ್ಟಿ ಆಪರೇಷನ್ ಆಗೈತ್ರಿ, ಹೊಟ್ಯಾಗ ಗಡ್ಡಿ ಇತ್ತು” ಎಂದು ಹೇಳುತ್ತಿದ್ದ. ಅವರು ಒಳಗೆ ಬಂದು ಅವಳ ಹೊಟ್ಟೆಯನ್ನು ನೋಡಿ ಲೊಚಗುಟ್ಟುತ್ತಿದ್ದರು. ನಾನು ಚಹಾ ಸೋಸುತ್ತಾ ಸುಮ್ಮನಿದ್ದೆ. ಅದು ಅವಳ ಮೈ, ಅವಳ ಮಾತು.

ಒಬ್ಬಾಕಿ, “ಹೊಟ್ಟಿಗಿ ಭಾರ ಹಾಕಬ್ಯಾಡವಾ, ಮೆತ್ತನ್ನ ಅನ್ನಾ ಉಣ್ಣು” ಎಂದಳು.

ನೆಗೆಣ್ಣಿ ಬಾಗಿಲ ಕಡೆ ನೋಡಿದಳು. ಆಮೇಲೆ, “ಹೊಟ್ಟಿಗೇನೂ ಆಗಿಲ್ಲ. ಎದಿಯಾಗ ಗಂಟ ಇತ್ತು, ಎದಿ ತಗದಾರ” ಎಂದಳು.

ಬಾಗಿಲಲ್ಲಿದ್ದ ಮೈದುನ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದ. ಇನ್ನೊಬ್ಬಾಕಿ ಚಹಾದ ಬಸಿ ಕೆಳಗಿಟ್ಟು ಹಾಸಿಗೆಯ ಹತ್ತಿರ ಸರಿದು, ಬಹಳ ಸಣ್ಣ ದನಿಯಲ್ಲಿ, “ಗಂಟ ಐತಿ ಅಂತ ಹೆಂಗ ಗೊತ್ತ ಆಗತೈತಿ?” ಎಂದು ಕೇಳಿದಳು.

“ಕೈ ಕೊಡ ಇಲ್ಲೆ, ತೋರಸ್ತೇನಿ” ಎಂದಳು ನೆಗೆಣ್ಣಿ.

ನಾನು ಎದ್ದು ಬಾಗಿಲು ಮುಚ್ಚಿದೆ.